ಚೀಲದೊಳಗಿನ ಬೀಜಕ್ಕೆ ಜೀವವಿದೆಯೇ?

ಮುಂಗಾರಿನ ಹದ ಮಳೆ ಬಿದ್ದೊಡನೆ ಊರಿನ ಕೂರಿಗೆಗಳೆಲ್ಲ ಹೊಲ ಸೇರುತ್ತವೆ. ಅಣ್ಣ ತಮ್ಮ ಇಬ್ಬರು ಒಂದೇ ಕಣದ ಶೇಂಗಾವನ್ನು ಸಮನಾಗಿ ಹಂಚಿಕೊಂಡು, ಬದು ಕೂಡಿದ ಹೊಲಗಳಲ್ಲಿ ಒಂದೇ ದಿನ ಬಿತ್ತುತ್ತಾರೆ ಎಂದುಕೊಳ್ಳೋಣ. ಹತ್ತು ದಿನ ಕಳೆದಾಗ ಅಣ್ಣನ ಹೊಲದಲ್ಲಿ ಸಾಲು ತುಂಬಿ ನಿಂತಿರುತ್ತದೆ. ತಮ್ಮನ ಹೊಲದಲ್ಲಿ ಮಾರಿಗೊಂದು ಗಿಡ. ಮಣ್ಣು ಒಂದೇ, ಮಳೆ ಒಂದೇ, ತಳಿಯೂ ಒಂದೇ. ವಿಚಾರಿಸಿದರೆ ಅಣ್ಣ ಕಾಯಿಯನ್ನು ಸಿಪ್ಪೆಸಹಿತ ಕಾಪಿಟ್ಟು ಬಿತ್ತನೆಯ ವಾರದಲ್ಲಷ್ಟೇ ಸುಲಿಸಿರುತ್ತಾನೆ. ತಮ್ಮ ಕೈ ಬಿಡುವಿದೆಯೆಂದು ಎರಡು ತಿಂಗಳು ಮೊದಲೇ ಸುಲಿಸಿ, ಕಾಳಿನ ಚೀಲವನ್ನು ಯೂರಿಯಾ ಚೀಲದ ಪಕ್ಕ ಗೋಡೆಗೆ ಒರಗಿಸಿರುತ್ತಾನೆ. ಅವನು ಬಿತ್ತಿದ್ದು ಬಹುಮಟ್ಟಿಗೆ ಸತ್ತ ಬೀಜ. ಮತ್ತೆ ಬಿತ್ತೋಣವೆಂದರೆ ಹದ ಆರಿರುತ್ತದೆ, ಬೀಜಕ್ಕೆ ಹಣವಿರುವುದಿಲ್ಲ.

‘ಸತ್ತ ಬೀಜ’ ಎಂಬ ಮಾತನ್ನು ರೈತರೆಲ್ಲರೂ ಆಡುತ್ತಾರೆ. ಸಾಯಬೇಕಾದರೆ ಮೊದಲು ಬದುಕಿರಬೇಕಷ್ಟೆ. ಅಲುಗದೆ, ಉಣ್ಣದೆ, ಬೆಳೆಯದೆ ತಿಂಗಳುಗಟ್ಟಲೆ ಚೀಲದಲ್ಲಿ ಬಿದ್ದಿರುವ ಕಾಳು ಬದುಕಿದೆ ಎಂದು ಹೇಳುವುದು ಹೇಗೆ? ಕಲ್ಲಿಗೂ ಕಾಳಿಗೂ ಇರುವ ವ್ಯತ್ಯಾಸವೇನು? ಶಾಲೆಯ ವಿಜ್ಞಾನ ಪುಸ್ತಕದ ಮೊದಲ ಪಾಠದಂತೆ ಕಾಣುವ ಈ ಪ್ರಶ್ನೆಗೆ ಉತ್ತರ ತಿಳಿದವನು ಬೀಜವನ್ನು ಕೆಡಿಸಿಕೊಳ್ಳುವುದಿಲ್ಲ.

ಜೀವದ ಲಕ್ಷಣಗಳು

ಜೀವಿಗಳು ಆಹಾರ ಸೇವಿಸುತ್ತವೆ, ಉಸಿರಾಡುತ್ತವೆ, ಕಶ್ಮಲವನ್ನು ಹೊರಹಾಕುತ್ತವೆ, ಚಲಿಸುತ್ತವೆ, ಬೆಳೆಯುತ್ತವೆ, ಸುತ್ತಲಿನ ಬದಲಾವಣೆಗೆ ಸ್ಪಂದಿಸುತ್ತವೆ, ತಮ್ಮಂತಹ ಮರಿಗಳನ್ನು ಹುಟ್ಟಿಸುತ್ತವೆ. ಮಕ್ಕಳು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಇವುಗಳಲ್ಲಿ ಯಾವುದೋ ಒಂದನ್ನೇ ಹಿಡಿದು ತೀರ್ಮಾನ ಹೇಳಲಾಗುವುದಿಲ್ಲ.

ಟ್ರ್ಯಾಕ್ಟರನ್ನು ನೋಡಿ. ಅದು ಡೀಸೆಲ್ ಕುಡಿಯುತ್ತದೆ, ಗಾಳಿ ಎಳೆದುಕೊಳ್ಳುತ್ತದೆ, ಹೊಗೆ ಬಿಡುತ್ತದೆ, ಎತ್ತಿಗಿಂತ ಬಲವಾಗಿ ಚಲಿಸುತ್ತದೆ. ಆದರೂ ಅದಕ್ಕೆ ಜೀವವಿಲ್ಲ. ಎತ್ತಿನ ಹೆಗಲಿಗೆ ನೊಗ ತಾಗಿ ಗಾಯವಾದರೆ ಕೆಲವು ದಿನಗಳಲ್ಲಿ ತಾನೇ ಮಾಯುತ್ತದೆ. ತಿಂದ ಹುಲ್ಲೇ ರಕ್ತ ಮಾಂಸವಾಗಿ ಆ ಗಾಯವನ್ನು ತುಂಬುತ್ತದೆ. ಟ್ರ್ಯಾಕ್ಟರಿನ ಟೈರು ಹರಿದರೆ, ಎಷ್ಟೇ ಡೀಸೆಲ್ ಹಾಕಿದರೂ ಅದು ಕೂಡಿಕೊಳ್ಳುವುದಿಲ್ಲ. ಇನ್ನು ಬೆಂಕಿ: ಒಂದು ಕಿಡಿಯಿಂದ ಬಣವೆಯನ್ನೇ ನುಂಗುವಷ್ಟು ಬೆಳೆಯುತ್ತದೆ, ಅದಕ್ಕೂ ಆಮ್ಲಜನಕ ಬೇಕು. ಆದರೆ ಬೆಂಕಿಗೆ ತನ್ನದೆಂಬ ಮೈಯಿಲ್ಲ, ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆಯಿಲ್ಲ. ಪಾಕದಲ್ಲಿ ಇಳಿಬಿಟ್ಟ ದಾರಕ್ಕೆ ಕಲ್ಲುಸಕ್ಕರೆಯೂ ಕಟ್ಟಿ ಬೆಳೆಯುತ್ತದೆ. ಅದು ಹೊರಗಿನಿಂದ ಪದರ ಪದರವಾಗಿ ಅಂಟಿಕೊಂಡ ಬೆಳವಣಿಗೆ. ಕರು ಹಸುವಾಗುವಂತೆ ಒಳಗಿನಿಂದ ಬೆಳೆದದ್ದಲ್ಲ. ಮರಿ ಹಾಕುವುದೇ ಜೀವದ ಗುರುತೆನ್ನೋಣವೆಂದರೆ ಹೇಸರಗತ್ತೆ ಸಾಮಾನ್ಯವಾಗಿ ಮರಿ ಹಾಕುವುದಿಲ್ಲ. ಅದನ್ನು ನಿರ್ಜೀವ ಎನ್ನುವವರಿಲ್ಲ.

ಹೀಗೆ ಜರಡಿ ಹಿಡಿದಾಗ ಮೂರು ಅಂಶಗಳು ಉಳಿಯುತ್ತವೆ. ಮೊದಲನೆಯದಾಗಿ, ಜೀವಿಯ ಮೈ ಜೀವಕೋಶಗಳಿಂದ ಆಗಿರುತ್ತದೆ. ಎರಡನೆಯದಾಗಿ, ಆ ಕೋಶಗಳು ಆಹಾರದಿಂದ ಶಕ್ತಿ ಪಡೆದು, ಅದೇ ಆಹಾರದಿಂದ ತಮ್ಮ ಮೈಯನ್ನು ಕಟ್ಟಿಕೊಳ್ಳುತ್ತವೆ ಹಾಗೂ ದುರಸ್ತಿ ಮಾಡಿಕೊಳ್ಳುತ್ತವೆ. ಮೂರನೆಯದಾಗಿ, ಹೇಗೆ ಕಟ್ಟಿಕೊಳ್ಳಬೇಕೆಂಬ ಸೂಚನೆ ತಂದೆತಾಯಿಯಿಂದ ಬಂದ ವಂಶವಾಹಿಗಳಲ್ಲಿ ಅಡಗಿರುತ್ತದೆ. ಈ ಮೂರು ಕೂಡಿರುವಲ್ಲಿ ಜೀವವಿದೆ. ಬೀಜದಲ್ಲಿ ಇವು ಇವೆಯೇ ಎಂಬುದನ್ನು ನೋಡೋಣ.

ಕಾಳಿನೊಳಗಿನ ಕೂಸು

ಶೇಂಗಾ ಅಥವಾ ಅವರೆಯ ಕಾಳನ್ನು ಕೆಲವು ಗಂಟೆ ನೆನೆಸಿ, ಸಿಪ್ಪೆ ತೆಗೆದು, ಎರಡು ಹೋಳುಗಳನ್ನು ಮೆಲ್ಲಗೆ ಬಿಡಿಸಿದರೆ ಅವು ಕೂಡುವ ತುದಿಯಲ್ಲಿ ಪುಟ್ಟ ಮೊಳಕೆಯೊಂದು ಕಾಣುತ್ತದೆ. ಅದೇ ಭ್ರೂಣದ ಕುಡಿ. ಅದರಲ್ಲಿ ಮುಂದೆ ಬೇರಾಗುವ ಭಾಗವೂ ಚಿಗುರಾಗುವ ಭಾಗವೂ ಆಗಲೇ ರೂಪುಗೊಂಡಿರುತ್ತವೆ. ಎರಡು ಹೋಳುಗಳು ಅದಕ್ಕಾಗಿ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಜೋಳ, ರಾಗಿ, ಭತ್ತಗಳಲ್ಲಿ ಭ್ರೂಣ ಕಾಳಿನ ಒಂದು ಮೂಲೆಯಲ್ಲಿರುತ್ತದೆ, ಉಳಿದದ್ದೆಲ್ಲ ಬುತ್ತಿಯ ಹಿಟ್ಟು.

ತೊಗರಿ ಬೇಳೆ ಬಿತ್ತಿದರೆ ಹುಟ್ಟುವುದಿಲ್ಲ, ಅಕ್ಕಿ ಬಿತ್ತಿದರೆ ಹುಟ್ಟುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಕಾರಣ ಇದೇ. ಬೇಳೆ ಒಡೆಯುವಾಗ ಭ್ರೂಣದ ಕುಡಿ ಮುರಿದು ನುಚ್ಚಿನೊಡನೆ ಹೋಗುತ್ತದೆ. ಅಕ್ಕಿಗೆ ಪಾಲಿಶ್ ಕೊಡುವಾಗ ಅದು ತೌಡಿನಲ್ಲಿ ಬೆರೆತು ಹೋಗುತ್ತದೆ. ಬೇಳೆಯಲ್ಲೂ ಅಕ್ಕಿಯಲ್ಲೂ ಆಹಾರ ಉಳಿದಿದೆ, ಅದನ್ನುಂಡು ಬೆಳೆಯಬೇಕಾದ ಕೂಸು ಇಲ್ಲ. ಆದ್ದರಿಂದ ಕಾಳು ದಪ್ಪಗಿದೆ, ಹೊಳಪಾಗಿದೆ ಎಂಬುದರಿಂದಲೇ ಬಿತ್ತನೆಗೆ ಯೋಗ್ಯವೆಂದು ಹೇಳಲಾಗದು. ಬುತ್ತಿ ಚೆನ್ನಾಗಿದ್ದು ಕೂಸು ಸತ್ತಿರಬಹುದು.

ಹಗೇವು ಕಲಿಸುವ ಪಾಠ

ಬೀಜ ಉಸಿರಾಡುತ್ತದೆ ಎಂದರೆ ಹಲವರು ನಂಬುವುದಿಲ್ಲ. ಉತ್ತರ ಕರ್ನಾಟಕದ ಹಿರಿಯರಿಗೆ ಇದಕ್ಕೆ ಪುರಾವೆ ಬೇಕಿಲ್ಲ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ, ಬಾಯಿ ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿಯಿದೆ ಎಂದರ್ಥ. ಮುಚ್ಚಿದ ಹಗೇವಿನಲ್ಲಿ ಕಾಳುಗಳೂ ಅವುಗಳ ಜೊತೆಗಿದ್ದ ಹುಳು ಬೂಷ್ಟುಗಳೂ ಆಮ್ಲಜನಕವನ್ನು ಉಸಿರಾಡಿ ಮುಗಿಸಿ, ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತವೆ. ಗಾಳಿಗಿಂತ ಭಾರವಾದ ಈ ಅನಿಲ ತಳದಲ್ಲಿ ನಿಲ್ಲುತ್ತದೆ.

ಹಗೇವುಗಳು ಈಗ ಅಪರೂಪವಾಗಿವೆ. ಆದರೆ ಬಿಗಿಯಾಗಿ ಮುಚ್ಚಿದ ಯಾವ ಕಣಜದಲ್ಲಿಯೂ ಇದೇ ಅಪಾಯವುಂಟು. ಬಾಯಿ ತೆರೆದು ಸಾಕಷ್ಟು ಕಾಲ ಗಾಳಿಯಾಡಿಸಬೇಕು. ದೀಪ ಉರಿದರೂ ಒಬ್ಬರೇ ಇಳಿಯಬಾರದು. ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು. ಒಳಗೆ ಬಿದ್ದವರನ್ನು ಎತ್ತಲು ಮತ್ತೊಬ್ಬರು ಹಾಗೆಯೇ ಇಳಿಯುವುದರಿಂದ ಒಂದು ಸಾವಿನ ಬದಲು ಎರಡು ಸಾವು ಆಗುತ್ತವೆ.

ಉಸಿರಾಟದ ಮತ್ತೊಂದು ಗುರುತು ಕಾವು. ಸರಿಯಾಗಿ ಒಣಗದ ಕಾಳಿನ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿದರೆ ಬೆಚ್ಚಗಿರುತ್ತದೆ. ಬೀಜ ತನ್ನ ಬುತ್ತಿಯನ್ನು ಉಸಿರಾಟದಲ್ಲಿ ಸುಟ್ಟುಕೊಳ್ಳುತ್ತಿದೆ, ಬೂಷ್ಟೂ ಅದಕ್ಕೆ ಕೂಡಿಕೊಂಡಿದೆ ಎಂಬುದನ್ನು ಆ ಕಾವು ಹೇಳುತ್ತದೆ. ಅಂತಹ ರಾಶಿಯ ಬೀಜ ಕಣ್ಣಿಗೆ ಚೆನ್ನಾಗಿ ಕಂಡರೂ ಬಿತ್ತನೆಗೆ ಉಳಿಯುವುದಿಲ್ಲ.

ನೀರು ಕುಡಿದಾಗ

ನೆನೆಸಿದ ಬೀಜ ಊದುತ್ತದೆ. ಇದನ್ನು ಕಂಡು ಬೀಜಕ್ಕೆ ಜೀವವಿದೆ ಎನ್ನುವುದು ತಪ್ಪು. ಸತ್ತ ಬೀಜವೂ ನೀರು ಹೀರಿ ಊದುತ್ತದೆ. ಮಳೆಗಾಲದಲ್ಲಿ ಬಾಗಿಲಿನ ಹಲಗೆಯೂ ಊದುತ್ತದೆ. ವ್ಯತ್ಯಾಸ ತೋರುವುದು ಅನಂತರ. ಜೀವವಿರುವ ಬೀಜದಲ್ಲಿ ಉಸಿರಾಟ ಚುರುಕಾಗುತ್ತದೆ, ಕೋಶಗಳು ಸಂಗ್ರಹಣೆಯ ಕಾಲದಲ್ಲಿ ಆದ ಹಾನಿಯನ್ನು ಮೊದಲು ಸರಿಪಡಿಸಿಕೊಳ್ಳುತ್ತವೆ. ರಾಗಿ, ಜೋಳ, ಭತ್ತದಂತಹ ಧಾನ್ಯಗಳಲ್ಲಿ ಭ್ರೂಣದಿಂದ ಹೊರಟ ಜಿಬ್ಬರೆಲಿನ್ ಎಂಬ ಚೋದಕ ಕಾಳಿನ ಹಿಟ್ಟಿನ ಸುತ್ತಲಿರುವ ಪದರಕ್ಕೆ ಸೂಚನೆ ಕೊಡುತ್ತದೆ. ಆ ಪದರ ಕಿಣ್ವಗಳನ್ನು ಬಿಡುಗಡೆ ಮಾಡಿ ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಬರಿಸಿದ ರಾಗಿಯ ಹಿಟ್ಟು ಮಾಮೂಲು ರಾಗಿಹಿಟ್ಟಿಗಿಂತ ಸಿಹಿಯಾಗಿರುವುದು ಇದರಿಂದಲೇ. ಸತ್ತ ರಾಗಿಯನ್ನು ಎಷ್ಟು ದಿನ ನೆನೆಸಿದರೂ ಮೊಳಕೆಯಾಗಲಿ ಆ ಸಿಹಿಯಾಗಲಿ ಬರುವುದಿಲ್ಲ, ಹುಳಿ ನಾತ ಬರುತ್ತದೆ.

ಹಳೆಯ, ನಿತ್ರಾಣ ಬೀಜದ ಕೋಶಗಳ ಪೊರೆಗಳು ಜಾಳಾಗಿರುತ್ತವೆ. ನೀರು ಬಿದ್ದೊಡನೆ ಒಳಗಿನ ಸಕ್ಕರೆ ಮತ್ತಿತರ ವಸ್ತುಗಳು ಸೋರಿಹೋಗುತ್ತವೆ. ಮಣ್ಣಿನ ಶಿಲೀಂಧ್ರಗಳಿಗೆ ಅದು ಊಟಕ್ಕೆ ಕರೆದಂತೆ. ಬಿತ್ತಿದ ಬೀಜ ಮಣ್ಣಿನಲ್ಲಿ ಕೊಳೆತಿತೆಂದು ರೋಗವನ್ನು ದೂರುವ ಮೊದಲು ಬೀಜದ ವಯಸ್ಸನ್ನು ಕೇಳಬೇಕು.

ಬೀಜದ ಆಯುಷ್ಯ

ಒಣಗಿದ ಬೀಜದಲ್ಲಿ ಜೀವದ ಕೆಲಸಗಳು ಬಹಳ ನಿಧಾನವಾಗುತ್ತವೆ, ಹಾನಿಯೂ ನಿಧಾನವಾಗುತ್ತದೆ. ಅಮೆರಿಕದ ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಎರಡು ಸೂತ್ರಗಳು ಇಂದಿಗೂ ಉಪಯುಕ್ತವಾಗಿವೆ. ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ ಅದರ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ. ಸಂಗ್ರಹಿಸಿದ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಸೆಂಟಿಗ್ರೇಡ್ ಇಳಿದರೂ ಆಯುಷ್ಯ ಎರಡರಷ್ಟಾಗುತ್ತದೆ. ತೇವಾಂಶದ ಸೂತ್ರ ಶೇಕಡ 5ರಿಂದ 14ರವರೆಗೆ ಅನ್ವಯಿಸುವ ಅಂದಾಜು. ಶೇಕಡ 14 ತೇವಾಂಶದ ಬೀಜವನ್ನು ಶೇಕಡ 11ಕ್ಕೆ ಒಣಗಿಸಿದರೆ, ಮೂರು ಸಲ ಇಮ್ಮಡಿಯಾಗಿ, ಆಯುಷ್ಯ ಸುಮಾರು ಎಂಟು ಪಟ್ಟು ಆಗುತ್ತದೆ. ಎರಡು ದಿನದ ಬಿಸಿಲಿಗೆ ಇದಕ್ಕಿಂತ ದೊಡ್ಡ ಪ್ರತಿಫಲ ಬೇರೆಲ್ಲಿದೆ?

ಒಣಗಿ ತಣ್ಣಗಿದ್ದರೆ ಬೀಜ ಎಷ್ಟು ಕಾಲ ಬದುಕೀತು? ಇಸ್ರೇಲಿನ ಮಸಾದ ಕೋಟೆಯ ಅಗೆತದಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. ಆ ಪ್ರದೇಶದ ಒಣ ಹವೆ ಅದನ್ನು ಕಾಪಾಡಿತ್ತು. ಈಜಿಪ್ಟಿನ ಪಿರಮಿಡ್ಡಿನ ಗೋಧಿ ಮೊಳೆಯಿತೆಂಬ ಕಥೆ ಮಾತ್ರ ಸುಳ್ಳು. ಅಮೆರಿಕದ ಮಿಚಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ, ಕಳೆಯ ಬೀಜ ಮಣ್ಣಿನಲ್ಲಿ ಎಷ್ಟು ಕಾಲ ಬದುಕುತ್ತದೆಂದು ರೈತರಿಗೆ ತಿಳಿಸಲು, 1879ರಲ್ಲಿ ಬೀಜ ತುಂಬಿದ 20 ಸೀಸೆಗಳನ್ನು ಹೂಳಿಸಿದನು. 2021ರಲ್ಲಿ, 142 ವರ್ಷಗಳ ನಂತರ, ಅಗೆದು ತೆಗೆದ ಸೀಸೆಯಲ್ಲಿನ ಕೆಲವು ಕಳೆ ಬೀಜಗಳು ಇನ್ನೂ ಮೊಳೆತವು. ಒಂದು ವರ್ಷ ಕಳೆಯನ್ನು ಬೀಜ ಕಟ್ಟಲು ಬಿಟ್ಟರೆ ಹಲವು ವರ್ಷ ಕಳೆ ತೆಗೆಯಬೇಕೆಂಬ ಅನುಭವದ ಮಾತಿಗೆ ಇದು ಸಾಕ್ಷಿ.

ಎಲ್ಲ ಬೀಜಗಳೂ ಒಣಗುವುದನ್ನು ತಾಳವು. ಮಾವು, ಹಲಸು, ಅಡಿಕೆ, ಕೋಕೋ ಬೀಜಗಳನ್ನು ಒಣಗಿಸಿದರೆ ಸಾಯುತ್ತವೆ. ಇವನ್ನು ಹಣ್ಣಿನಿಂದ ತೆಗೆದ ಕೆಲವೇ ದಿನಗಳಲ್ಲಿ ಪಾತಿಗೆ ಹಾಕಬೇಕು. ಜೋಳಕ್ಕೆ ಹಿತವಾದ ಬಿಸಿಲು ಹಲಸಿನ ಬೀಜಕ್ಕೆ ಮೃತ್ಯು.

ನಿದ್ದೆಯೇ, ಸಾವೇ?

ಮೊಳೆಯದ ಬೀಜವೆಲ್ಲ ಸತ್ತದ್ದಲ್ಲ. ಹಬ್ಬು ಶೇಂಗಾ ಮತ್ತು ಕೆಲವು ಭತ್ತದ ತಳಿಗಳ ಹೊಸ ಬೀಜ ಕೊಯ್ಲಾದ ಕೂಡಲೇ ಮೊಳೆಯುವುದಿಲ್ಲ. ಇದನ್ನು ಸುಪ್ತಾವಸ್ಥೆ ಎನ್ನುತ್ತಾರೆ. ಕಿತ್ತ ಹೊತ್ತಿನಲ್ಲಿ ಮಳೆ ಹಿಡಿದರೂ ಕಾಯಿಯಲ್ಲೇ ಮೊಳಕೆಯೊಡೆಯದಂತೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಗೊಂಚಲು ಶೇಂಗಾ ತಳಿಗಳಲ್ಲಿ ಸಾಮಾನ್ಯವಾಗಿ ಈ ನಿದ್ದೆ ಇಲ್ಲದಿರುವುದರಿಂದ, ಕೀಳುವುದು ತಡವಾಗಿ ಮಳೆ ಬಂದರೆ ಹೊಲದಲ್ಲೇ ಮೊಳೆಯುತ್ತವೆ. ಸುಬಾಬುಲ್‌ನಂತಹ ಬೀಜಗಳ ಸಿಪ್ಪೆ ನೀರನ್ನೇ ಒಳಬಿಡುವುದಿಲ್ಲ. ಬಿಸಿನೀರಿನ ಉಪಚಾರ ಕೊಟ್ಟರೆ ಎಚ್ಚರಗೊಳ್ಳುತ್ತವೆ.

ನಿದ್ದೆಯನ್ನೂ ಸಾವನ್ನೂ ಬೇರ್ಪಡಿಸಲು ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಟೆಟ್ರಜೋಲಿಯಂ ಎಂಬ ಲವಣದ ದ್ರಾವಣವನ್ನು ಬಳಸುತ್ತಾರೆ. ಬಣ್ಣವಿಲ್ಲದ ಈ ದ್ರಾವಣದಲ್ಲಿ ನೆನೆದ ಬೀಜವನ್ನು ಇಟ್ಟರೆ, ಉಸಿರಾಡುತ್ತಿರುವ ಭಾಗ ಕೆಲವು ಗಂಟೆಗಳಲ್ಲಿ ಕೆಂಪಾಗುತ್ತದೆ, ಸತ್ತ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಬೀಜದ ಉಸಿರನ್ನು ಕಣ್ಣಿಗೆ ತೋರಿಸುವ ಪರೀಕ್ಷೆ ಇದು.

ಮನೆಯಲ್ಲಿಯೇ ಮೊಳಕೆ ಪರೀಕ್ಷೆ

ರೈತನಿಗೆ ಈ ಲವಣ ಬೇಕಿಲ್ಲ. ನವರಾತ್ರಿಯಲ್ಲಿ ದೇವರ ಮುಂದೆ ಘಟ್ಟ ಹಾಕಿ ಮಣ್ಣಿನಲ್ಲಿ ಧಾನ್ಯ ಮೊಳೆಸುವ ಮನೆಗಳಲ್ಲಿ ಈ ಪರೀಕ್ಷೆ ಹೊಸದೂ ಅಲ್ಲ. ಎಣಿಸಿ ಹಾಕಬೇಕು, ಎಣಿಸಿ ನೋಡಬೇಕು, ಅಷ್ಟೆ. ಶಾಲೆಗೆ ಹೋಗುವ ಮಕ್ಕಳಿಂದ ಇದನ್ನು ಮಾಡಿಸಿದರೆ ಜೀವವೆಂದರೇನು ಎಂಬ ಪಾಠವೂ ಆಗುತ್ತದೆ, ಶೇಕಡಾವಾರು ಲೆಕ್ಕವೂ ಆಗುತ್ತದೆ.

1. ಬಿತ್ತನೆಗೆ ಮೂರು ವಾರ ಮೊದಲು, ಚೀಲದ ಮೇಲ್ಭಾಗ, ನಡುಭಾಗ ಮತ್ತು ತಳದಿಂದ ಹಿಡಿ ಹಿಡಿ ಬೀಜ ತೆಗೆದು ಚೆನ್ನಾಗಿ ಬೆರೆಸಬೇಕು.

2. ಅದರಿಂದ ಆರಿಸದೆ 100 ಬೀಜ ಎಣಿಸಿಕೊಳ್ಳಬೇಕು. ದಪ್ಪ ಕಾಳನ್ನಷ್ಟೇ ಆರಿಸಿದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಪ್ರಯೋಗಾಲಯಗಳಲ್ಲಿ 400 ಬೀಜ ಇಡುತ್ತಾರೆ; ಮನೆಯಲ್ಲಿಯೂ ನೂರರಂತೆ ಎರಡು ಸಲ ಇಟ್ಟು ಸರಾಸರಿ ತೆಗೆದರೆ ಇನ್ನೂ ಉತ್ತಮ.

3. ತೊಳೆದ ಗೋಣಿತಾಟು ಅಥವಾ ದಪ್ಪ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಹರಡಬೇಕು. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು ಬೀಜ ಜೋಡಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸಿ ಚಾಪೆಯಂತೆ ಸಡಿಲವಾಗಿ ಸುತ್ತಬೇಕು.

4. ಸುರುಳಿಯನ್ನು ನೆರಳಿನಲ್ಲಿಟ್ಟು ದಿನವೂ ನೀರು ಚಿಮುಕಿಸಬೇಕು. ಬಟ್ಟೆ ತೇವವಾಗಿರಬೇಕು, ನೀರು ನಿಲ್ಲಬಾರದು. ನೀರಿನಲ್ಲಿ ಮುಳುಗಿದ ಬೀಜ ಉಸಿರುಗಟ್ಟಿ ಸಾಯುತ್ತದೆ.

5. ಮೆಕ್ಕೆಜೋಳವನ್ನು 7 ದಿನಕ್ಕೆ, ರಾಗಿ ಮತ್ತು ಸೋಯಾ ಅವರೆಯನ್ನು 8 ದಿನಕ್ಕೆ, ಜೋಳ ಮತ್ತು ಶೇಂಗಾವನ್ನು 10 ದಿನಕ್ಕೆ, ಈರುಳ್ಳಿಯನ್ನು 12 ದಿನಕ್ಕೆ, ಭತ್ತ ಮತ್ತು ಮೆಣಸಿನಕಾಯಿಯನ್ನು 14 ದಿನಕ್ಕೆ ಕೊನೆಯದಾಗಿ ಎಣಿಸಬೇಕು.

6. ಬೇರು, ಕಾಂಡ ಎರಡೂ ನೇರವಾಗಿ ಬಂದ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಬೇರಿಲ್ಲದ, ತಿರುಚಿದ, ಕೊಳೆತ ಮೊಳಕೆಗಳು ಹೊಲದಲ್ಲಿ ಗಿಡವಾಗುವುದಿಲ್ಲ.

ಪ್ರಮಾಣಿತ ಬೀಜದಲ್ಲಿ ಕನಿಷ್ಠ ಮೊಳಕೆ ಭತ್ತಕ್ಕೆ ಶೇಕಡ 80, ಜೋಳ ಮತ್ತು ರಾಗಿಗೆ 75, ಶೇಂಗಾ, ಸೋಯಾ ಅವರೆ ಮತ್ತು ಈರುಳ್ಳಿಗೆ 70 ಇರಬೇಕು. ಮನೆಯ ಬೀಜ ಇದಕ್ಕಿಂತ ಸ್ವಲ್ಪ ಕಡಿಮೆಯಿದ್ದರೆ ಬೀಜದ ಪ್ರಮಾಣವನ್ನು ಹೆಚ್ಚಿಸಬಹುದು. ಉದಾಹರಣೆಗೆ, ಶೇಕಡ 70 ಮೊಳಕೆಯ ಶೇಂಗಾ ಕಾಳು ಎಕರೆಗೆ 40 ಕಿಲೋ ಬೇಕೆಂದಿಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ 56 ಬಂದರೆ, 40ನ್ನು 70ರಿಂದ ಗುಣಿಸಿ 56ರಿಂದ ಭಾಗಿಸಬೇಕು. 50 ಕಿಲೋ ಆಗುತ್ತದೆ. ನೂರಕ್ಕೆ ಮೂವತ್ತು ನಲವತ್ತು ಮಾತ್ರ ಮೊಳೆತರೆ ಈ ಲೆಕ್ಕ ಹಾಕಬಾರದು. ಅಷ್ಟು ಬೀಜ ಸತ್ತಿರುವಲ್ಲಿ ಬದುಕಿ ಉಳಿದವೂ ನಿತ್ರಾಣವಾಗಿರುತ್ತವೆ. ಅದನ್ನು ಗಾಣಕ್ಕೆ ಕಳಿಸಿ ಬೇರೆ ಬೀಜ ತರುವುದು ಲೇಸು. ಮೂರು ವಾರ ಮೊದಲೇ ಪರೀಕ್ಷೆ ಮಾಡುವುದು ಈ ಅವಕಾಶ ಉಳಿಯಲೆಂದೇ. ಬೂಷ್ಟು ಹಿಡಿದ ಕಾಳು ಮಾತ್ರ ಗಾಣಕ್ಕೂ ಬೇಡ, ದನಕ್ಕೂ ಬೇಡ.

ಜೀವವನ್ನು ಕಾಪಿಡುವ ಕ್ರಮ

ಬೀಜದ ಆಯುಷ್ಯ ಹೊಲದಿಂದಲೇ ಮೊದಲಾಗುತ್ತದೆ. ಪೂರ್ತಿ ಬಲಿತ ಬೆಳೆಯಿಂದ ಬೀಜಕ್ಕೆ ಆರಿಸಬೇಕು. ಸೋಯಾ ಅವರೆಯ ಸಿಪ್ಪೆ ಬಲು ತೆಳು, ಭ್ರೂಣ ಅದರ ಕೆಳಗೇ ಇರುತ್ತದೆ. ವೇಗದ ಯಂತ್ರದಲ್ಲಿ ಒಕ್ಕಿದರೆ, ಚೀಲವನ್ನು ಲಾರಿಯಿಂದ ಎತ್ತಿ ಎಸೆದರೆ ಒಳಗಿನ ಕೂಸಿಗೆ ಪೆಟ್ಟಾಗುತ್ತದೆ. ಬೇಸಿಗೆ ಶೇಂಗಾವನ್ನು ಸುಡುಬಿಸಿಲಿನಲ್ಲಿ ಸಿಮೆಂಟ್ ಕಣದ ಮೇಲೆ ತೆಳುವಾಗಿ ಹರಡದೆ, ಮೊದಲು ಗಿಡಸಹಿತ ಆರಲು ಬಿಟ್ಟು, ಅನಂತರ ನೆರಳಿನಲ್ಲಿ ಒಣಗಿಸಬೇಕು.

ಮಾಮೂಲು ಚೀಲದಲ್ಲಿಡುವಾಗ ತೇವಾಂಶ ಭತ್ತದಲ್ಲಿ ಶೇಕಡ 13, ಜೋಳ, ರಾಗಿ ಮತ್ತು ಸೋಯಾ ಅವರೆಯಲ್ಲಿ 12, ಶೇಂಗಾದಲ್ಲಿ 9, ಈರುಳ್ಳಿ ಬೀಜದಲ್ಲಿ 8 ಮೀರಬಾರದು. ಚೆನ್ನಾಗಿ ಒಣಗಿದ ಶೇಂಗಾ ಕಾಯಿಯನ್ನು ಅಲುಗಿಸಿದರೆ ಕಾಳು ಗಲಗಲ ಸದ್ದು ಮಾಡುತ್ತದೆ. ಹಸಿ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಬೇಕು. ಗೊಬ್ಬರ ಮತ್ತು ಕಳೆನಾಶಕಗಳ ಕೋಣೆ ಬೀಜಕ್ಕೆ ತಕ್ಕದ್ದಲ್ಲ. ಶೇಂಗಾವನ್ನು ಕಾಯಿಯಾಗಿಯೇ ಇಟ್ಟು, ಬಿತ್ತನೆಗೆ ಕೆಲವೇ ದಿನ ಮೊದಲು ಸುಲಿಯಬೇಕು. ದ್ವಿದಳ ಕಾಳುಗಳ ಹುಳು ಕಾಳಿನಿಂದ ತಾನಾಗಿ ಹುಟ್ಟುವುದಿಲ್ಲ, ಜೀವದಿಂದಲೇ ಜೀವ. ದುಂಬಿ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಆದ್ದರಿಂದ ಕಾಳನ್ನು ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಕಿಲೋಗೆ 5 ಮಿ.ಲೀ.ನಂತೆ ಅಡುಗೆ ಎಣ್ಣೆ ಸವರಿ ಇಟ್ಟರೆ ಹುಳುವಿನ ಕಾಟ ಕಡಿಮೆಯಾಗುತ್ತದೆ. ಔಷಧಿಯಿಂದ ಉಪಚರಿಸಿದ ಬೀಜ ಉಳಿದರೆ ಅಡುಗೆಗಾಗಲಿ ದನಗಳಿಗಾಗಲಿ ಎಂದಿಗೂ ಬಳಸಬಾರದು.

ಕೊಟ್ಟಿಗೆಯಲ್ಲಿ ಗಬ್ಬದ ಹಸುವಿದ್ದರೆ ರೈತ ದಿನಕ್ಕೆರಡು ಸಲ ಹೋಗಿ ನೋಡುತ್ತಾನೆ. ಅದು ಕೂಗಿ ಹೇಳುತ್ತದೆ, ಮೇವು ಬಿಟ್ಟು ಹೇಳುತ್ತದೆ. ಬೀಜಕ್ಕೆ ಬಾಯಿಲ್ಲ. ಹಸಿಯಲ್ಲಿ, ಸೆಕೆಯಲ್ಲಿ, ಚೀಲದ ಕತ್ತಲಲ್ಲಿ ಅದು ಸದ್ದಿಲ್ಲದೆ ಸಾಯುತ್ತದೆ, ಸತ್ತ ಮೇಲೂ ಬದುಕಿದ್ದಂತೆಯೇ ಕಾಣುತ್ತದೆ. ಅದನ್ನು ಮಾತನಾಡಿಸಲು ಇರುವುದು ಒಂದು ಒದ್ದೆ ಗೋಣಿತಾಟು ಮತ್ತು ಎಣಿಸಿದ ನೂರು ಕಾಳು. ಬಿತ್ತಿದಂತೆ ಬೆಳೆ ಎಂಬ ಮಾತು ನಿಜವಾಗಬೇಕಾದರೆ, ಕೂರಿಗೆ ಹೂಡುವ ಮುನ್ನ ಬಿತ್ತುವುದು ಬದುಕಿದೆಯೇ ಎಂದು ಕೇಳಿ ತಿಳಿದಿರಬೇಕು.